ನಂಬರ್ ಅದೇ ಐತಿ

ನಂಬರ್ ಅನ್ನುವುದು ಇಂಗ್ಲಿಷ್ ಶಬ್ದ ಎಂದು ನಮ್ಮ ಅಕ್ಕ ಇವತ್ತಿಗೂ ಒಪ್ಪಿಲ್ಲ. ನಾನು ಬೈಲಹೊಂಗಲದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವಳು. ಯಾವ ಶಬ್ದ ಎಲ್ಲಿಯದು ಎಂದು ಹೇಳುವ ಹಕ್ಕು ನನಗೆ ಇಷ್ಟಾದರೂ ಇರಬೇಕು. ಅಕ್ಕನ ಮುಂದೆ ಆ ಹಕ್ಕು ನಡೆಯುವುದಿಲ್ಲ.

“ಗಿರಣ್ಯಾಗ ನಂಬರ್ ಹಚ್ಚೂದು ನಮಗ ಇಂಗ್ಲಿಷರು ಬಂದು ಕಲಿಸಿದ್ರೇನ?” ಎಂದು ಕೇಳುತ್ತಾಳೆ. “ನಮ್ಮ ಅತ್ತಿಯಾರಿಗೆ ಸಹಿ ಮಾಡಾಕ ಬರತಿದ್ದಿಲ್ಲ. ಆದ್ರ ನಳಾ ಬರೂ ಮೊದಲ ಕೊಡಾ ಇಟ್ಟು ನಂಬರ್ ಹಚ್ಚಿರತಿದ್ರು. ಅದು ಕನ್ನಡನ ಐತಿ ತಗಿ.”

ಅಷ್ಟಕ್ಕೇ ಬಿಡುವುದಿಲ್ಲ. ಆ ಶಬ್ದದ ಹುಟ್ಟಿನ ಬಗ್ಗೆ ಅವಳದೇ ಒಂದು ಸಿದ್ಧಾಂತವಿದೆ. “ಮಂದಿ ಬರೇ ಬಾಯಿಮಾತು ನಂಬರು. ಅದಕ್ಕ ನಂಬರ್ ಕೊಡೂದು. ನಂಬರು, ನಂಬರ್. ತಿಳೀತಿಲ್ಲೋ?” ಹೇಳಿ ತಾನೇ ಮೊದಲು ನಗುತ್ತಾಳೆ, ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವ ಹಾಗೆ. ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಕನ್ನಡದ ಮಾಸ್ತರರು ಚಹಾ ಚೆಲ್ಲಿಕೊಂಡು ನಕ್ಕರು. ನಿಮ್ಮ ಅಕ್ಕಾರನ್ನು ಒಂದು ದಿನ ಸಾಲಿಗೆ ಕರಕೊಂಡು ಬರ್ರಿ ಎಂದರು.

ಅಕ್ಕನ ಸಾಲಿ ಹತ್ತನೆಯ ತರಗತಿಗೇ ಮುಗಿದಿತ್ತು. ಆಗ ಪರೀಕ್ಷೆಯ ಫಲಿತಾಂಶ ಪೇಪರಿನಲ್ಲಿ ಬರುತ್ತಿತ್ತು. ಪಾಸಾದವರ ನಂಬರುಗಳು ಇರುವೆ ಸಾಲಿನ ಹಾಗೆ ಪುಟದ ತುಂಬ ಇರುತ್ತಿದ್ದವು. ಅಪ್ಪ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿ ಪೇಪರು ಮಡಚಿ ಇಟ್ಟ. ಆ ವರ್ಷವೇ ಅವಳನ್ನು ರಾಮದುರ್ಗಕ್ಕೆ ಕೊಟ್ಟರು. “ಪೇಪರಿನ್ಯಾಗ ನನ್ನ ನಂಬರ್ ಬರಲಿಲ್ಲ, ಅದಕ್ಕ ಲಗ್ನದಾಗ ನನ್ನ ನಂಬರ್ ಲಗೂನ ಬಂತು” ಎಂದು ಅದನ್ನೂ ನಗೆಯಾಗಿಯೇ ಹೇಳುತ್ತಿದ್ದಳು. ಅವಳು ಅತ್ತದ್ದು ನನಗೆ ನೆನಪಿದೆ. ಆದರೆ ಅವಳೇ ನಗುವಾಗ ನಾನು ಯಾಕೆ ನೆನಪು ಮಾಡಿಕೊಡಲಿ?

ಗಂಡ ಮಾತ್ರ ಒಂದು ನಂಬರ್ ಮನುಷ್ಯ, ಬಂಗಾರದಂಥವರು, ಸಿಕ್ಕರು. ನಾನು ಅವರನ್ನು ಮಾಮಾ ಎನ್ನುತ್ತೇನೆ. ರಾಮದುರ್ಗದ ಪೇಟೆಯಲ್ಲಿ ಅವರದು ಚಾಳೀಸಿನ ಅಂಗಡಿ. ಕನ್ನಡಕಕ್ಕೆ ನಮ್ಮ ಕಡೆ ಚಾಳೀಸು ಎನ್ನುತ್ತಾರೆ. ನಲವತ್ತಕ್ಕೆ ಬರುತ್ತದೆ, ಅದಕ್ಕೇ ಚಾಳೀಸು. ಅಲ್ಲಿಯೂ ಒಂದು ನಂಬರೇ ಇದೆ, ನೋಡಿ. ಅಂಗಡಿಯ ಒಳಗೋಡೆಗೆ ಅಕ್ಷರದ ಪಟ್ಟಿ, ಎದುರಿಗೆ ಕೈ ಇರುವ ಒಂದು ಕುರ್ಚಿ. ಗಿರಾಕಿಯನ್ನು ಅದರಲ್ಲಿ ಕೂರಿಸಿ, ಮೂಗಿನ ಮೇಲೆ ಭಾರವಾದ ಒಂದು ಗುಂಡು ಚೌಕಟ್ಟು ಇಟ್ಟು, ಅದರಲ್ಲಿ ಒಂದೊಂದೇ ಗಾಜು ಇಳಿಬಿಟ್ಟು, “ಇದು ಛಲೋನೋ, ಇದು ಛಲೋನೋ?” ಎಂದು ಕೇಳುವುದು ಮಾಮಾನ ಕೆಲಸ. ಅವಸರ ಎಂಬುದೇ ಇಲ್ಲ. ಹೆಂಗಸರು ಬಂದರೆ ಯಾವ ಮುಖಕ್ಕೆ ಯಾವ ಫ್ರೇಮು ಒಪ್ಪುತ್ತದೆ ಎಂದು ಹೇಳುವವಳು ಅಕ್ಕ. ಅವಳು ಒಲ್ಲೆ ಎಂದ ಫ್ರೇಮನ್ನು ಯಾರೂ ಒಯ್ದದ್ದಿಲ್ಲ.

ಊರಿನ ಬಾಯಲ್ಲಿ ಇದಕ್ಕೆ ನಂಬರ್ ತೆಗೆಸುವುದು ಎನ್ನುತ್ತಾರೆ. ಕಣ್ಣು ಮಂಜಾದರೆ ನಂಬರ್ ತೆಗೆಸು. ತಲೆ ನೋವಾದರೆ ನಂಬರ್ ತೆಗೆಸು. ಸಂಜೆ ಹೊತ್ತು ಕಣ್ಣಲ್ಲಿ ನೀರು ಬಂದರೂ ನಂಬರ್ ತೆಗೆಸು. ಮಾಮಾ “ನಂಬರ್ ಇಲ್ಲ” ಎಂದರೆ ಕಣ್ಣಿಗೆ ಏನೂ ಆಗಿಲ್ಲ ಎಂದರ್ಥ. “ನಂಬರ್ ಐತಿ” ಎಂದರೆ ಗಾಜು ಬೇಕು. ಕಣ್ಣಲ್ಲಿ ಬಿಳಿ ಪೊರೆ ಕಂಡರೆ ಮೋತಿಬಿಂದು ಎಂದು ಅವರೇ ದವಾಖಾನೆಗೆ ಕಳಿಸುತ್ತಿದ್ದರು. ಇದರ ಆಚೆಗೆ ಕಣ್ಣಿಗೆ ಇನ್ನೇನಾದರೂ ಆಗಬಹುದು ಎಂದು ಗಿರಾಕಿಗಳಿಗೂ ಗೊತ್ತಿರಲಿಲ್ಲ, ಮಾಮಾಗೂ ಮನಸ್ಸಿಗೆ ಹೊಳೆಯುತ್ತಿರಲಿಲ್ಲ. ಕಣ್ಣು ಎಂದರೆ ನಂಬರ್, ಅಷ್ಟೇ.

ಪ್ರತಿ ವರ್ಷ ದೀಪಾವಳಿಗೆ ಅಂಗಡಿ ಝಾಡಿಸಿದ ಮೇಲೆ ಮಾಮಾ ಅಕ್ಕನನ್ನೂ ಆ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಗಾಣದ ಎತ್ತಿನ ಕಣ್ಣು ಕಟ್ಟಿದಾಂಗ ಆಗತೈತಿ ಎಂದು ಅಕ್ಕ ಚೌಕಟ್ಟಿಗೆ ಬೈಯುತ್ತಲೇ ಕೂರುತ್ತಿದ್ದಳು. ಕೂತವಳು ಪಟ್ಟಿಯ ಕಟ್ಟಕಡೆಯ ಸಾಲಿನವರೆಗೂ, ಆ ಎಳ್ಳುಕಾಳಿನಂಥ ಅಕ್ಷರಗಳವರೆಗೂ, ಒಂದೂ ತಪ್ಪದೆ ಓದುತ್ತಿದ್ದಳು.

“ನಂಬರ್ ಅದೇ ಐತಿ” ಎಂದು ಮಾಮಾ ಹಿಗ್ಗಿ ಹೇಳುತ್ತಿದ್ದರು, ತಾವೇ ಪರೀಕ್ಷೆ ಪಾಸಾದವರ ಹಾಗೆ. “ನಮ್ಮಾಕಿ ನಂಬರ್ ಎಷ್ಟು ವರ್ಷ ಆತು, ಕಾಲಿನಷ್ಟೂ ಸರದಿಲ್ಲ.” ಕಾಲು ಎಂದರೆ ಅವರ ಲೆಕ್ಕದಲ್ಲಿ ಗಾಜಿನ ಅತಿ ಸಣ್ಣ ಹೆಚ್ಚುಕಡಿಮೆ. ಪೇಟೆಯಲ್ಲೆಲ್ಲ ಅದೊಂದು ಹೆಮ್ಮೆಯ ಮಾತಾಗಿತ್ತು.

ಅದೇ ವರ್ಷಗಳಲ್ಲಿ ಅಕ್ಕ ಎಡವುವುದು ಶುರುವಾಯಿತು. ಊಟಕ್ಕೆ ಬಡಿಸುವಾಗ ಪಕ್ಕದಲ್ಲಿಟ್ಟ ನೀರಿನ ತಂಬಿಗೆ ಉರುಳಿಸುತ್ತಿದ್ದಳು. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದಳು. ಓಣಿಯಲ್ಲಿ ಬದಿಗೆ ನಿಂತು ಮಾತಾಡಿಸಿದವರನ್ನು ನೋಡದೆ ಹೋಗಿ, ಅಂಗಡಿ ನಡೆಯುತ್ತಲೇ ಇವಳಿಗೆ ಸೊಕ್ಕು ಬಂದಿದೆ ಎನಿಸಿಕೊಂಡಳು. ಮನೆಯಲ್ಲಿ ನಾವೆಲ್ಲ ನಕ್ಕೆವು. “ನಿನ್ನ ಲಕ್ಷ್ಯ ಎಲ್ಲಿರತೈತಿ?” ಎಂದು ಮಾಮಾ ಕೇಳುವರು. “ಒಂದ ನಂಬರ್ ಗಡಬಿಡಿ ಮನಷ್ಯಾಳು.” ಒಮ್ಮೆ ಮಜ್ಜಿಗೆಯ ಗಡಿಗೆಯೇ ಒಡೆದಾಗ ಅವರಿಗೂ ಅನುಮಾನ ಬಂದು, ಹಬ್ಬಕ್ಕೆ ಕಾಯದೆ ಕುರ್ಚಿಯಲ್ಲಿ ಕೂರಿಸಿ ನೋಡಿದರು. ಅಕ್ಕ ಕೊನೆಯ ಸಾಲನ್ನು ಪಟಪಟನೆ ಓದಿದಳು. ಕಣ್ಣಿನದೇನೂ ಇಲ್ಲ ಎಂದು ಖಾತ್ರಿಯಾಯಿತು. ತಪ್ಪು ಅವಳ ಲಕ್ಷ್ಯದ್ದೇ ಎಂದಾಯಿತು.

ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ನಡೆದದ್ದನ್ನು ನಾನು ಇನ್ನೂ ಮರೆತಿಲ್ಲ. ಅಕ್ಕನನ್ನು ನಾಲ್ಕು ದಿನಕ್ಕೆಂದು ನಮ್ಮ ಮನೆಗೆ ಕರೆದುಕೊಂಡು ಹೊರಟಿದ್ದೆ. ನಮ್ಮ ಕಡೆ ಬಸ್ಸಿಗೆ ನಂಬರ್ ಇರುವುದಿಲ್ಲ, ಬೋರ್ಡೇ ಗತಿ. ಹುಣ್ಣಿವೆಯ ಜಾತ್ರೆಯ ಗದ್ದಲ, ಧೂಳು. ನಾನು ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗಲೇ ಅಕ್ಕ, ಇನ್ನೂ ಗೇಟಿನಲ್ಲಿದ್ದ ಬಸ್ಸಿನ ಬೋರ್ಡು ಓದಿ, “ಬೈಲಹೊಂಗಲ ಬಂತು, ನಡಿ ನಡಿ” ಎಂದು ಓಡಿದಳು. ಓಡಿದವಳು ತನ್ನ ಬಲಗಾಲ ಬದಿಗೇ ಇದ್ದ ಗಂಟಿಗೆ ಎಡವಿ ಮುಗ್ಗರಿಸಿ ಬಿದ್ದಳು. ಗಂಟಿನ ಒಡತಿ ಒಬ್ಬ ಮುದುಕಿ.

“ಕಣ್ಣು ಕಾಣಸಂಗಿಲ್ಲೇನ ಯವ್ವಾ?” ಎಂದಳು.

ಅಕ್ಕ ಮೊಣಕಾಲು ಒರೆಸಿಕೊಳ್ಳುತ್ತಲೇ, “ನನ್ನ ಕಣ್ಣಿನ ನಂಬರ್ ಎಷ್ಟಂತ ರಾಮದುರ್ಗದಾಗ ಯಾರಿಗೆ ಬೇಕಾದ್ರೂ ಕೇಳಬೇ” ಎಂದಳು. ಮುದುಕಿಯೂ ನಕ್ಕಳು, ನಾನೂ ನಕ್ಕೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳನ್ನು ನನಗಿಂತ ಮೊದಲು ಓದಿ ತೋರಿಸಿದಳು.

ಗೊತ್ತಾದದ್ದು ಕಿತ್ತೂರಿನಲ್ಲಿ. ಅಕ್ಕನ ಮಗಳನ್ನು ಅಲ್ಲಿಗೆ ಕೊಟ್ಟಿದೆ. ಹೈವೇ ಬದಿಗೆ ಅವರು ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಹೂವು ಕಡಿಮೆ ಬಿತ್ತೆಂದು ಅಕ್ಕ, ನಾನು, ಮಾಮಾ ಮೂವರೂ ಸರ್ವಿಸ್ ರಸ್ತೆ ದಾಟಿ ತರಲು ಹೊರಟೆವು. ಅಕ್ಕ ಎಂದಿನಂತೆ ಒಂದು ಹೆಜ್ಜೆ ಮುಂದೆ. ಎಡಗಡೆಯಿಂದ ಮೋಟಾರ್ ಸೈಕಲ್ಲೊಂದು ಹಾರ್ನ್ ಹೊಡೆಯುತ್ತಲೇ ಬರುತ್ತಿತ್ತು. ನಾನು ನಿಂತೆ, ಮಾಮಾ ನಿಂತರು. ಅಕ್ಕ ನಿಲ್ಲಲಿಲ್ಲ. ಎದುರಿನ ಹೂವಿನ ಗಾಡಿಯನ್ನೇ ನೋಡುತ್ತ ಅದರ ಮುಂದೆಯೇ ನಡೆದುಬಿಟ್ಟಳು. ಅವಳನ್ನು ತಪ್ಪಿಸಲು ಹೋಗಿ ಸವಾರ ಜಾರಿ ಬಿದ್ದ.

ನಲವತ್ತರ ಆಸುಪಾಸಿನ ಮನುಷ್ಯ. ಎದ್ದು ಬಂದು ಬಾಯಿಗೆ ಬಂದಂತೆ ಬೈದ. ಬೈಯುತ್ತ ಅಕ್ಕನ ಪಕ್ಕಕ್ಕೆ ಬಂದು ನಿಂತರೂ ಅಕ್ಕ ಅವನನ್ನು ಬಿಟ್ಟು ಬೇರೆಲ್ಲೋ ಹುಡುಕುತ್ತಿದ್ದಳು. ಅವನ ದನಿ ಒಮ್ಮೆಗೇ ಇಳಿಯಿತು.

“ಯವ್ವಾ, ಮಾರಿ ತಿರುವಬ್ಯಾಡ್ರಿ. ಮುಂದ ನೋಡ್ರಿ. ಈಗ ನಾ ನಿಮಗ ಕಾಣಸತೇನೇನ್ರಿ?”

“ಎಲ್ಲಿದ್ದೀಪಾ ನೀ?” ಎಂದಳು ಅಕ್ಕ.

ಅವನು ಅವಳಿಂದ ಒಂದು ಮಾರು ದೂರದಲ್ಲೂ ಇರಲಿಲ್ಲ. ಮಾಮಾ ಕಡೆ ತಿರುಗಿ, “ನಮ್ಮಪ್ಪಂದೂ ಹಿಂಗ ಆಗಿತ್ರಿ. ಲಗೂನ ದವಾಖಾನಿಗೆ ತೋರಿಸ್ರಿ” ಎಂದ. ತನ್ನ ಹರಿದ ಅಂಗಿ ತೋಳು ನೋಡಿಕೊಳ್ಳುವುದನ್ನೂ ಮರೆತು ಹೋಗಿದ್ದ. ಮಾಮಾ ಅವನಿಗೆ ಹೇಳಿದ ಉತ್ತರ ನನಗೆ ಚೆನ್ನಾಗಿ ನೆನಪಿದೆ: “ಹಂಗೇನಿಲ್ರಿ, ನಂಬರ್ ಬರೋಬ್ಬರಿ ಐತಿ. ನಾನ ತಗದೇನಿ.”

ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಹೋದೆವು. ಬಾಗಿಲಲ್ಲೇ ಒಂದು ಚೀಟಿ ಕೊಟ್ಟು, ನಿಮ್ಮ ನಂಬರ್ ಬಂದಾಗ ಕರೀತೀವಿ ಎಂದರು. ಅಕ್ಕ ನನ್ನನ್ನು ಚುಚ್ಚಿ, “ನೋಡ, ಇಲ್ಲೂ ಕನ್ನಡನ ಮಾತಾಡ್ತಾರ” ಎಂದಳು. ಒಂದು ಕತ್ತಲೆ ಕೋಣೆಯಲ್ಲಿ ಅವಳನ್ನು ಡಬ್ಬಿಯಂಥ ಯಂತ್ರಕ್ಕೆ ಗದ್ದ ಆನಿಸಿ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು ಎಂದರು. ಹೊರಗೆ ಬಂದವಳು ಖುಷಿಯಲ್ಲಿದ್ದಳು. “ಭಾಳ ಛಲೋ ಆತು. ಕಂಡದ್ದೆಲ್ಲಾ ಒತ್ತೇನಿ, ಒಂದೂ ಬಿಟ್ಟಿಲ್ಲ.” ಕಾಣದೆ ಇದ್ದದ್ದು ಎಷ್ಟೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ಮಾತು ಮೆತ್ತಗೆ. ಇದು ಕಾಚಬಿಂದು, ಗ್ಲಾಕೋಮಾ ಅಂತಾರೆ, ಕಣ್ಣಿನ ಒಳಗಿನ ಪ್ರೆಶರ್ ಹೆಚ್ಚಾಗಿ ನರ ಒಣಗುತ್ತದೆ, ಮೊದಲು ಅಂಚು ಹೋಗುತ್ತದೆ, ನಡುವಿನದು ಕಡೆಗೆ ಎಂದಳು.

“ನನಗ ಬಿ.ಪಿ. ಇಲ್ರಿ” ಎಂದಳು ಅಕ್ಕ.

“ಅದು ಬೇರೆ, ಇದು ಬೇರೆ, ಅಮ್ಮ.”

ಮಾಮಾ ಕುರ್ಚಿಯ ತುದಿಗೆ ಬಂದು ಕೂತಿದ್ದರು. “ಮೇಡಮ್ಮಾರ, ನಂಬರ್ ಏನೂ ಬದಲಾಗಿಲ್ರಿ. ವರ್ಷಾ ನಾನ ನೋಡತೇನಿ. ಕಡೀ ಸಾಲು ತನಕ ಓದತಾಳ್ರಿ.”

“ಓದುತ್ತಾರೆ. ಇವತ್ತೂ ಓದಿದರು. ಇದಕ್ಕೂ ನಂಬರಿಗೂ ಸಂಬಂಧ ಇಲ್ಲ” ಎಂದಳು ಡಾಕ್ಟರ್. “ಹೋದದ್ದು ಮತ್ತೆ ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳೋಕೆ ನೋಡೋಣ. ಬಂದದ್ದು ಬಹಳ ತಡ ಆಗಿದೆ.”

ಔಷಧಿಯ ಕಿಟಕಿಯಲ್ಲಿ ನಮ್ಮ ನಂಬರ್ ಕೂಗಿದರೂ ಮಾಮಾ ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ನಾನೇ ಎದ್ದು ಹೋದೆ. ತಿರುಗಿ ಬಂದಾಗ ಅವರು ಎರಡೂ ಅಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತ ಕೂತಿದ್ದರು. ಅಕ್ಕ ಅವರಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಊರಿಗೆಲ್ಲ ಕಣ್ಣು ಕೊಟ್ಟ ಮನುಷ್ಯ ಎಂದು ರಾಮದುರ್ಗದಲ್ಲಿ ಅವರನ್ನು ಕರೆಯುತ್ತಿದ್ದರು, ಆ ಮಾತು ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ.

ನನ್ನ ದುಃಖ ಯಾವಾಗಲೂ ಸಿಟ್ಟಾಗಿಯೇ ಹೊರಗೆ ಬರುವುದು. ಈ ಸಲ ಆ ಸಿಟ್ಟು ಶಬ್ದದ ಮೇಲೆ ತಿರುಗಿತು. ಗಿರಣಿಯ ಸರದಿಗೂ ನಂಬರ್, ಹೊಲದ ಗುರುತಿಗೂ ನಂಬರ್, ಫೋನಿಗೂ ನಂಬರ್, ಕಳ್ಳ ದಂಧೆಗೆ ಎರಡು ನಂಬರ್. ಒಂದೇ ಶಬ್ದಕ್ಕೆ ಇಷ್ಟು ಕೆಲಸ ಹಚ್ಚಿದರೆ ಅದು ಯಾವುದೋ ಒಂದು ಕಡೆ ಮೋಸ ಮಾಡದೆ ಇರುತ್ತದೆಯೇ? ಕಣ್ಣಿಗೆ ಏನಾಗಿದೆ ಎಂದು ಕೇಳುವ ಜಾಗದಲ್ಲಿ ನಾವೆಲ್ಲ ನಂಬರ್ ಎಷ್ಟಿದೆ ಎಂದು ಕೇಳುತ್ತ ಕೂತೆವು. ಮಾಮಾ ಸುಳ್ಳು ಹೇಳಲಿಲ್ಲ. ಅವರು ತೆಗೆದ ನಂಬರ್ ಪ್ರತಿ ಸಲವೂ ಸರಿಯಾಗಿಯೇ ಇತ್ತು. ಅದೇ ಅವರನ್ನು ತಿನ್ನುತ್ತಿದ್ದುದು. ತಪ್ಪು ಮಾಡಿದ್ದರೆ ಅತ್ತು ಹಗುರಾಗಬಹುದಿತ್ತು.

ಆಮೇಲೆ ಅವರು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ, ಗಾಜು ಇಡುವ ಮೊದಲೇ, ದೊಡ್ಡ ದವಾಖಾನೆಗೆ ಹೋಗಿ ಕಣ್ಣಿನ ಪ್ರೆಶರ್ ನೋಡಿಸಿಕೊಂಡು ಬರ್ರಿ ಎನ್ನತೊಡಗಿದರು. ಗಿರಾಕಿಗಳಿಗೆ ಅದು ಹಿಡಿಸಲಿಲ್ಲ. “ನಂಬರ್ ಅಷ್ಟ ಹೇಳ್ರಿ ಸಾಹುಕಾರ, ಅಂಜಸಬ್ಯಾಡ್ರಿ” ಎಂದು ಕೆಲವರು ಎದ್ದು ಬೇರೆ ಅಂಗಡಿಗೆ ಹೋದರು. ಮಾಮಾ ಅವರ ಹಿಂದೆ ಬಾಗಿಲವರೆಗೂ ಹೋಗಿ ಇನ್ನೊಮ್ಮೆ ಅದನ್ನೇ ಹೇಳುತ್ತಿದ್ದರು.

ಹನಿ ಔಷಧಿ ಆಯಿತು, ಆಪರೇಶನ್ ಆಯಿತು. ಬಲಗಣ್ಣು ಉಳಿಯಲಿಲ್ಲ. ಅದು ಪೂರ್ತಿ ಹೋದ ಸುದ್ದಿಯನ್ನು ಅಕ್ಕನೇ ಫೋನಿನಲ್ಲಿ ನನಗೆ ಹೇಳಿದಳು, ಅವಳದೇ ರೀತಿಯಲ್ಲಿ. ಹಿಂದೊಮ್ಮೆ ನಾನು ಉತ್ತರಪತ್ರಿಕೆ ತಿದ್ದುವಾಗ ಅವಳು ಪಕ್ಕದಲ್ಲಿದ್ದಳು. ಇಂಗ್ಲಿಷ್ ವ್ಯಾಕರಣದಲ್ಲಿ ಏಕವಚನ, ಬಹುವಚನಕ್ಕೂ ನಂಬರ್ ಎನ್ನುತ್ತಾರೆ, ಒಂದಕ್ಕಿಂತ ಹೆಚ್ಚಾದರೆ ಕೊನೆಗೆ ಎಸ್ ಹಚ್ಚುತ್ತಾರೆ ಎಂದು ಹೇಳಿಕೊಟ್ಟಿದ್ದೆ. ಹಾಗಾದರೆ ಕಣ್ಣಿಗೂ ಎಸ್ ಬೇಕೇನು ಎಂದು ಕೇಳಿದ್ದಳು. ಬೇಕು ಎಂದಿದ್ದೆ.

“ನನ್ನ ಎಸ್ ಹೋತ ನೋಡ” ಎಂದಳು ಫೋನಿನಲ್ಲಿ. “ಇನ್ನ ಏಕವಚನದಾಗ ಬಾಳೇವು ಮಾಡಬೇಕು.”

ನಾನು ನಗಲಿಲ್ಲ. ಅವಳೂ ನಗದೆ ಫೋನು ಇಟ್ಟಳು. ಮರುದಿನ ಎಂಟನೆಯ ತರಗತಿಗೆ ಅದೇ ಪಾಠ ಮಾಡಬೇಕಿತ್ತು. ಹುಡುಗರಿಗೆ ಕಾಪಿ ಬರೆಯಲು ಹೇಳಿ ಕಿಟಕಿಯ ಹತ್ತಿರ ನಿಂತುಕೊಂಡೆ.

ಮೊನ್ನೆ ಆಷಾಢದಲ್ಲಿ ರಾಮದುರ್ಗಕ್ಕೆ ಹೋಗಿದ್ದೆ. ಎಡಗಣ್ಣೂ ಕಿರಿದಾಗುತ್ತ ಬಂದು, ಗೋಡೆಯ ಮೇಲಿನ ಅತಿ ದೊಡ್ಡ ಅಕ್ಷರವೂ ಅವಳಿಗೆ ಕಾಣದಂತಾಗಿತ್ತು. ಅಕ್ಷರ ಕಾಣದವರಿಗೆ ಡಾಕ್ಟರು ಬೆರಳು ಎಣಿಸಲು ಹೇಳುತ್ತಾರಂತೆ. ಮನೆಯಲ್ಲೂ ದಿನಾ ಹೀಗೆ ನೋಡುತ್ತಿರಿ, ಎಣಿಸುವುದು ತಪ್ಪಿದರೆ ಬಂದು ಹೇಳಿ ಎಂದು ಹುಬ್ಬಳ್ಳಿಯಲ್ಲಿ ತಿಳಿಸಿದ್ದರು. ಎಣಿಸುವುದೂ ತಪ್ಪಿದರೆ ಉಳಿಯುವುದು ಬರಿಯ ಬೆಳಕು, ಕತ್ತಲು ಎಂದು ಮಾಮಾ ಬಸ್ ಸ್ಟ್ಯಾಂಡಿನಿಂದ ಬರುವಾಗ ದಾರಿಯಲ್ಲೇ ನನಗೆ ಹೇಳಿದ್ದರು. ಅದನ್ನು ಅಕ್ಕನಿಗೂ ಡಾಕ್ಟರು ಹೇಳಿದ್ದಾರೆ, ಅದಕ್ಕೇ ಈ ಎಣಿಕೆಗೆ ಭಾಳ ಅಂಜುತ್ತಾಳೆ ಎಂದರು.

ಚಹಾ ಆದ ಮೇಲೆ ಅಕ್ಕ ಹಿತ್ತಲ ಕಟ್ಟೆಯ ಮೇಲೆ, ಬಿಸಿಲು ಬೀಳುವ ಕಡೆ ಮುಖ ಮಾಡಿ ಕೂತಳು. ತಲೆ ಬಾಚಿ, ಕುಂಕುಮ ಸರಿಮಾಡಿಕೊಂಡಿದ್ದಳು. ಮಾಮಾ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಅವಳ ಮುಖದ ಮುಂದೆ ಕೈ ಎತ್ತಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

“ಎಷ್ಟ ಅದಾವ ಹೇಳ.”

ಎರಡು ಬೆರಳಿದ್ದವು. ಅಕ್ಕ ಕತ್ತು ಆಚೆ ಈಚೆ ಹೊರಳಿಸಿ, ಉಸಿರು ಹಿಡಿದು ನೋಡಿದಳು. ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು.

“ಮೂರು” ಎಂದಳು.

ಮಾಮಾ ನನ್ನ ಕಡೆ ನೋಡಲಿಲ್ಲ. ಮಡಚಿದ್ದ ಉಂಗುರ ಬೆರಳನ್ನು ಮೆಲ್ಲಗೆ ಬಿಡಿಸಿ, ಆ ಎರಡರ ಪಕ್ಕಕ್ಕೆ ನಿಲ್ಲಿಸಿದರು.

“ಮೂರು. ಬರೋಬ್ಬರಿ” ಎಂದರು. “ಈಗ?”

ಈಗ ಐದೂ ಬೆರಳು ತೆರೆದಿದ್ದವು. ಅಕ್ಕ ಬಹಳ ಹೊತ್ತು ತಡೆದು, “ಒಂದು?” ಎಂದಳು. ಮಾಮಾ ನಾಲ್ಕು ಬೆರಳು ಮಡಚಿದರು.

“ಒಂದು” ಎಂದರು.

ಅಕ್ಕನ ಮುಖ ಅರಳಿತು. ಮುಷ್ಟಿ ಸಡಿಲಾಯಿತು. ನಾನು ನಿಂತಿರಬಹುದೆಂದು ಅವಳು ಎಣಿಸಿದ ಕಡೆಗೆ, ಖಾಲಿ ಗೋಡೆಯ ಕಡೆಗೆ ತಿರುಗಿ, “ನೋಡಿದೇನ? ನಿನ್ನಿಗಿಂತ ಇವತ್ತ ಛಲೋ ಕಾಣಾಕ ಹತ್ತೈತಿ” ಎಂದಳು. “ಇನ್ನೊಮ್ಮೆ ಹಿಡೀರಿ.”

ಮಾಮಾ ಕೈ ಮೇಲೆತ್ತಿ ಹಿಡಿದರು. ಅವಳು ಎಷ್ಟೆಂದು ಹೇಳುವುದನ್ನು ಕಾಯುತ್ತ ಕೂತರು.